ತಾರಸಿಯ ನೀರೋ, ಬಿಸಿನೀರಿನ ಕೊಳವೆಯ ನೀರೋ: ಕರಾವಳಿಯ ಮನೆಯಲ್ಲಿ ಸೋರಿಕೆಯ ಮೂಲ ಹುಡುಕುವ ಕ್ರಮ

ಕರಾವಳಿಯಲ್ಲಿ ಮಳೆ ಹಿಡಿದು ಹತ್ತು ಹದಿನೈದು ದಿನ ಕಳೆಯುವಷ್ಟರಲ್ಲಿ ಹಲವು ಮನೆಗಳ ಸೀಲಿಂಗಿನಲ್ಲಿ ಚಹಾ ಚೆಲ್ಲಿದಂಥ ಕಲೆಯೊಂದು ಮೂಡುತ್ತದೆ. ಅದರ ಅಂಚು ದಿನದಿಂದ ದಿನಕ್ಕೆ ಹಿಗ್ಗುತ್ತದೆ, ತಾರಸಿ ಸೋರುತ್ತಿದೆ ಎಂದು ಮನೆಯವರೆಲ್ಲರೂ ಒಂದೇ ದನಿಯಲ್ಲಿ ಹೇಳುತ್ತಾರೆ. ಮಳೆ ಬಂದ ಮೇಲೆ ಕಂಡ ನೀರು ಮಳೆಯದ್ದೇ ಎಂದುಕೊಳ್ಳುವುದು ಸಹಜ, ಆದರೆ ತಾರಸಿಯ ಮೇಲೆ ಸೋಲಾರ್ ವಾಟರ್ ಹೀಟರ್ ಕೂತಿರುವ ಮನೆಗಳಲ್ಲಿ ಈ ತೀರ್ಮಾನ ಅನೇಕ ಸಲ ತಪ್ಪಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲು ಸಿಗದ ಕಾರಣ ನಾವು ಸೋಲಾರ್ ಟ್ಯಾಂಕಿನೊಳಗಿನ ವಿದ್ಯುತ್ ಕಾಯಿಲ್ ಅಥವಾ ಬಚ್ಚಲಿನ ಗೀಸರ್ ಹಾಕಲು ತೊಡಗುತ್ತೇವೆ. ಒಂಬತ್ತು ತಿಂಗಳು ಕೆಲಸವಿಲ್ಲದೆ ಕೂತಿದ್ದ ಗ್ಯಾಸ್ಕೆಟ್, ವಾಲ್ವ್ ಮತ್ತು ಜೋಡಣೆಗಳ ಮೇಲೆ ಒತ್ತಡ ಬೀಳುವುದು ಮಳೆ ಶುರುವಾದ ಅದೇ ವಾರದಲ್ಲಿ. ಹೀಗಾಗಿ ಬಿಸಿನೀರಿನ ವ್ಯವಸ್ಥೆಯ ಸೋರಿಕೆಯೂ ಮಳೆಯ ಜೊತೆಗೇ ಹುಟ್ಟಿದಂತೆ ಕಾಣುತ್ತದೆ, ಎರಡೂ ನೀರು ಒಂದೇ ಸ್ಲ್ಯಾಬಿನೊಳಗೆ ಇಳಿದು ಒಂದೇ ಕಲೆಯಾಗಿ ಹೊರಬರುತ್ತವೆ.

ಉಡುಪಿಯ ಹತ್ತಿರವಿರುವ ನಮ್ಮ ಮನೆಯ ಮುಂಭಾಗಕ್ಕೆ ಹಂಚಿನ ಮಾಡು, ಹಿಂಭಾಗಕ್ಕೆ ತಾರಸಿ, ತಾರಸಿಯ ನೈಋತ್ಯ ಮೂಲೆಯಲ್ಲಿ 200 ಲೀಟರಿನ ಗಾಜಿನ ಕೊಳವೆಗಳ ಸೋಲಾರ್. ಅದರ ಕೆಳಗಿನ ಕೋಣೆಯಲ್ಲಿ ಕಾಣಿಸಿಕೊಂಡ ಕಲೆಗೆ ನಾವು ಎರಡು ಬೇಸಿಗೆ ತಾರಸಿಗೆ ವಾಟರ್‌ಪ್ರೂಫ್ ಬಣ್ಣ ಬಳಿಸಿದೆವು. ಎರಡೂ ಮಳೆಗಾಲದಲ್ಲಿ ಕಲೆ ಅದೇ ಜಾಗದಲ್ಲಿ ಮರಳಿ ಬಂತು. ಮೂರನೆಯ ವರ್ಷ ಬಣ್ಣಕ್ಕೆ ಕೈಹಾಕುವ ಬದಲು ಒಂದು ನೋಟುಪುಸ್ತಕ ಹಿಡಿದು ಕೂತಾಗ ಮಾತ್ರ ವಿಷಯ ಬಿಡಿಸಿಕೊಂಡಿತು. ಆ ವರ್ಷ ನಾನು ಅನುಸರಿಸಿದ ಕ್ರಮವನ್ನು, ಅಲ್ಲಿಂದೀಚೆಗೆ ನೆಂಟರ ಮತ್ತು ನೆರೆಯವರ ಮನೆಗಳಲ್ಲಿ ಅದನ್ನೇ ಪ್ರಯೋಗಿಸಿ ತಿದ್ದಿಕೊಂಡ ರೀತಿಯಲ್ಲಿ, ಇಲ್ಲಿ ಬರೆದಿದ್ದೇನೆ.

ಮೊದಲು ವಿದ್ಯುತ್ತು

ಸ್ಲ್ಯಾಬ್ ಹಾಕುವಾಗಲೇ ಅದರೊಳಗೆ ವಯರಿಂಗಿನ ಪೈಪುಗಳನ್ನು ಹೂಳಿರುತ್ತಾರೆ. ಸ್ಲ್ಯಾಬಿಗೆ ಇಳಿದ ನೀರಿಗೆ ಅವು ಸಿದ್ಧ ದಾರಿಗಳು, ಆದ್ದರಿಂದಲೇ ಎಲ್ಲೋ ಇಳಿದ ನೀರು ಫ್ಯಾನಿನ ಕೊಕ್ಕೆಯ ಡಬ್ಬಿಯಿಂದಲೋ ಸ್ವಿಚ್ ಬೋರ್ಡಿನಿಂದಲೋ ತೊಟ್ಟಿಕ್ಕುತ್ತದೆ. ಅಂಥಲ್ಲಿ ನೀರು ಕಂಡರೆ ಆ ಸಾಲಿನ ವಿದ್ಯುತ್ ಕಡಿಯುವ ಸ್ವಿಚ್ಚಾದ ಎಂಸಿಬಿ ಇಳಿಸಿದ ನಂತರವೇ ಉಳಿದ ವಿಚಾರ. ಮನೆಗೆ 30 ಮಿಲಿಆಂಪಿಯರಿನಷ್ಟು ವಿದ್ಯುತ್ ಸೋರಿದರೂ ಸಂಪರ್ಕ ಕಡಿಯುವ ಆರ್‌ಸಿಸಿಬಿ ಇದ್ದು ಅದು ಗೀಸರ್ ಅಥವಾ ಸೋಲಾರ್ ಕಾಯಿಲ್ ಹಾಕಿದಾಗಲೆಲ್ಲ ಬೀಳುತ್ತಿದ್ದರೆ, ಅದನ್ನು ತೊಂದರೆಯೆಂದು ಭಾವಿಸಿ ತಪ್ಪಿಸುವ ದಾರಿ ಹುಡುಕಬಾರದು. ಕಾಯಿಲಿನ ಹೊದಿಕೆ ಒಡೆದು ನೀರಿಗೆ ವಿದ್ಯುತ್ ಸೇರುತ್ತಿದೆ, ಇಲ್ಲವೇ ಕಾಯಿಲ್ ಕೂರುವ ಫ್ಲ್ಯಾಂಜಿನ ಗ್ಯಾಸ್ಕೆಟ್ ಸೋರಿ ಟರ್ಮಿನಲ್ ಒದ್ದೆಯಾಗಿದೆ ಎಂಬುದಕ್ಕೆ ಅದು ಸಿಗುವ ಮೊದಲ ಸುಳಿವು. ಪಾಚಿ ಹಿಡಿದ ಹಂಚಿನ ಮಾಡನ್ನು ಮಳೆಯಲ್ಲಿ ಹತ್ತುವುದಂತೂ ಯಾವ ಕಾರಣಕ್ಕೂ ಬೇಡ. ಮಾಡಿನ ಪರೀಕ್ಷೆಯ ಬಹುಪಾಲು ಒಳಗಿನಿಂದಲೇ ಸಾಧ್ಯ.

ಎಲ್ಲಿ ಎಂದು ಕೇಳುವ ಮೊದಲು ಯಾವಾಗ ಎಂದು ಕೇಳುವುದು

ಕಲೆ ಎಲ್ಲಿದೆ ಎಂಬುದು ನೀರು ಎಲ್ಲಿಂದ ಹೊರಬಂತು ಎಂಬುದನ್ನು ಮಾತ್ರ ಹೇಳುತ್ತದೆ, ಎಲ್ಲಿಂದ ಒಳಹೊಕ್ಕಿತು ಎಂಬುದನ್ನು ಹೇಳುವುದಿಲ್ಲ. ಕಾಂಕ್ರೀಟಿನ ಒಳಗಿನ ಸಣ್ಣ ಬಿರುಕು, ವಯರಿಂಗಿನ ಪೈಪು, ಗೋಡೆ ಮತ್ತು ಸ್ಲ್ಯಾಬು ಕೂಡುವ ಸಂದು, ಮಾಡಿನ ಪಕ್ಕಾಸು (ಇಳಿಜಾರಿನ ಮರದ ತೊಲೆ), ಇವುಗಳ ಗುಂಟ ನೀರು ಹತ್ತಾರು ಅಡಿ ಸಾಗಬಲ್ಲದು. ಸಮಯವಾದರೋ ಇಷ್ಟು ಸುಲಭವಾಗಿ ದಾರಿ ತಪ್ಪಿಸುವುದಿಲ್ಲ. ಆದ್ದರಿಂದ ಒಂದು ವಾರದ ಮಟ್ಟಿಗೆ ದಿನಕ್ಕೆ ನಾಲ್ಕು ಬಾರಿ, ಬೆಳಿಗ್ಗೆ ಸ್ನಾನಕ್ಕೆ ಮೊದಲು, ಸ್ನಾನಗಳೆಲ್ಲ ಮುಗಿದ ಮೇಲೆ, ಸಂಜೆ ಮತ್ತು ಮಲಗುವ ಮುನ್ನ, ಕಲೆಯನ್ನು ನೋಡಿ ಅದರ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಮತ್ತು ಗಂಟೆ ಬರೆಯಬೇಕು. ಹನಿ ಬೀಳುತ್ತಿದ್ದರೆ ಕೆಳಗೊಂದು ಪಾತ್ರೆ ಇಟ್ಟು ನಿಮಿಷಕ್ಕೆ ಎಷ್ಟು ಹನಿ ಎಂದು ಎಣಿಸಬೇಕು. ಅದೇ ಪುಟದಲ್ಲಿ ಮಳೆ ಯಾವಾಗ ಬಂತು, ಗಾಳಿ ಇತ್ತೋ ಇಲ್ಲವೋ, ಪಂಪು ಹಾಕಿ ಟ್ಯಾಂಕು ತುಂಬಿಸಿದ್ದು ಎಷ್ಟು ಗಂಟೆಗೆ, ಕಾಯಿಲ್ ಅಥವಾ ಗೀಸರ್ ಹಾಕಿದ್ದು ಯಾವಾಗ, ಈ ನಾಲ್ಕನ್ನೂ ನಮೂದಿಸಬೇಕು. ಮನೆಯವರೆಲ್ಲ ಸೇರಿದರೆ ಇದೇನೂ ಹೊರೆಯಾಗದು. ನಮ್ಮಲ್ಲಿ ಬೆಳಗಿನ ಜಾವದ ಗೆರೆಗಳನ್ನು ಎಳೆದವರು ಅಮ್ಮ, ಇಡೀ ಗೊಂದಲ ಬಿಡಿಸಿದ್ದೂ ಆ ಗೆರೆಗಳೇ.

ವಾರದ ಕೊನೆಗೆ ಪುಟವನ್ನು ಓದುವ ಬಗೆ ಹೀಗೆ. ಜೋರು ಮಳೆ ಬಂದ ಐದು ಹತ್ತು ನಿಮಿಷದಲ್ಲೇ ನೀರು ಕಂಡು, ಮಳೆ ನಿಂತ ಅರ್ಧ ಗಂಟೆಯಲ್ಲಿ ನಿಂತುಹೋದರೆ ದಾರಿ ತೆರೆದಿದೆ ಎಂದರ್ಥ: ಸರಿದ ಹಂಚು, ಪೈಪು ಇಳಿದ ತೂತು, ಶೀಟಿನ ಸ್ಕ್ರೂ ಇಂಥವು. ಮಳೆ ಹಿಡಿದು ಹಲವು ಗಂಟೆಗಳಾದ ಮೇಲೆ ನಿಧಾನವಾಗಿ ತೇವ ಹರಡಿ, ಮಳೆ ಬಿಟ್ಟ ಎರಡು ಮೂರು ದಿನದ ತನಕವೂ ಇಳಿಯುತ್ತಿದ್ದರೆ ತಾರಸಿಯ ಮೇಲೆ ನೀರು ನಿಂತು ಸ್ಲ್ಯಾಬು ಕುಡಿಯುತ್ತಿದೆ. ಪಶ್ಚಿಮದ ಗಾಳಿಯೊಂದಿಗೆ ಎರಚಲು ಹೊಡೆದ ದಿನ ಮಾತ್ರ ಒದ್ದೆಯಾದರೆ ತಾರಸಿಯನ್ನು ಬಿಟ್ಟು ಗೋಡೆ, ಪ್ಯಾರಪೆಟ್ (ತಾರಸಿಯ ಅಂಚಿನ ಗಿಡ್ಡ ಗೋಡೆ) ಮತ್ತು ಕಿಟಕಿಯ ಸಜ್ಜಾವನ್ನು ನೋಡಬೇಕು. ಮಳೆ ಇರಲಿ ಬಿಡಲಿ, ಹಗಲು ರಾತ್ರಿ ಒಂದೇ ಗತಿಯಲ್ಲಿ ಹನಿಯುತ್ತಿದ್ದರೆ ಅದು ಸದಾ ನೀರು ತುಂಬಿರುವ ಕೊಳವೆಯದ್ದು. ಸ್ನಾನದ ಹೊತ್ತಿಗೆ ಹೆಚ್ಚಾಗಿ ಮಧ್ಯಾಹ್ನಕ್ಕೆ ಒಣಗಿದರೆ ಬಿಸಿನೀರಿನ ಸಾಲು ಅಥವಾ ಬಚ್ಚಲಿನ ಹೊರಹರಿವು. ಪಂಪು ಹಾಕಿದ ಮೇಲೆ ಮಾತ್ರ ಕಂಡರೆ ಟ್ಯಾಂಕು ಉಕ್ಕುತ್ತಿದೆ, ಇಲ್ಲವೇ ಸೋಲಾರ್ ಟ್ಯಾಂಕಿನ ನೆತ್ತಿಯಲ್ಲಿ ಗಾಳಿ ಆಡಲೆಂದು ಇಟ್ಟ ಗಾಳಿಕೊಳವೆ ನೀರು ಕಾರುತ್ತಿದೆ.

ನಮ್ಮ ಪುಟದಲ್ಲಿ ಎರಡು ಬಗೆಯ ಗೆರೆಗಳಿದ್ದವು. ಕಲೆಯ ಪೂರ್ವದ ಅಂಚು ಮಳೆ ಇಲ್ಲದ ದಿನವೂ ಬೆಳಿಗ್ಗೆ ಎಂಟರ ಹೊತ್ತಿಗೆ ಎರಡು ಬೆರಳಿನಷ್ಟು ಹಿಗ್ಗುತ್ತಿತ್ತು. ಪಶ್ಚಿಮದ ಅಂಚು ಮಳೆಯೊಂದಿಗೆ ಮಾತ್ರ ಸರಿಯುತ್ತಿತ್ತು. ಒಂದು ಕಲೆ ಎಂದು ನಾವು ಎರಡು ವರ್ಷ ನೋಡುತ್ತ ಬಂದದ್ದು ಒಂದಕ್ಕೊಂದು ತಾಗಿಕೊಂಡ ಎರಡು ಕಲೆಗಳಾಗಿದ್ದವು.

ಬಿಸಿನೀರಿನ ಕಡೆ

ಮಳೆಯನ್ನು ನಿಲ್ಲಿಸಲು ನಮ್ಮಿಂದಾಗದು, ವಾಲ್ವನ್ನು ನಿಲ್ಲಿಸಬಹುದು. ಈ ಒಂದೇ ಕಾರಣಕ್ಕೆ ಪರೀಕ್ಷೆಯನ್ನು ಬಿಸಿನೀರಿನ ಕಡೆಯಿಂದ ಶುರುಮಾಡುವುದು ಸರಿ ಎಂಬುದು ನನ್ನ ದೃಢ ಅಭಿಪ್ರಾಯ. ಸೋಲಾರ್ ಟ್ಯಾಂಕಿಗೆ ತಣ್ಣೀರು ಬರುವ ವಾಲ್ವು ಮತ್ತು ಬಿಸಿನೀರು ಹೊರಹೋಗುವ ವಾಲ್ವು ಎರಡನ್ನೂ ಸಂಜೆ ಮುಚ್ಚಿ, ಎರಡು ದಿನ ಗೀಸರಿನ ನೀರನ್ನೋ ಹಂಡೆಯಲ್ಲಿ ಕಾಯಿಸಿದ ನೀರನ್ನೋ ಬಳಸಿ, ಕಲೆಯ ಗೆರೆಗಳನ್ನು ಎಂದಿನಂತೆ ಎಳೆಯುತ್ತ ಹೋಗಬೇಕು. ಕಾಯಿಲಿನ ಸ್ವಿಚ್ಚು ಈ ಎರಡು ದಿನ ಪೂರ್ತಿ ಬಂದ್ ಇರಬೇಕು. ಇಲ್ಲೊಂದು ಎಚ್ಚರಿಕೆ ಬೇಕು. ಈ ಅವಧಿಯಲ್ಲಿ ಟ್ಯಾಂಕು ಸೋರಿ ಖಾಲಿಯಾಗಿ ಮಧ್ಯೆ ಬಿಸಿಲು ಬಂದರೆ ಒಣ ಗಾಜಿನ ಕೊಳವೆಗಳು ವಿಪರೀತ ಕಾಯುತ್ತವೆ, ಆಗ ಅವಸರದಲ್ಲಿ ತಣ್ಣೀರು ಬಿಟ್ಟರೆ ಕೊಳವೆಗಳು ಸಿಡಿಯುತ್ತವೆ. ಕೊಳವೆಗಳ ಮೇಲೆ ದಪ್ಪ ಬಟ್ಟೆ ಅಥವಾ ಟಾರ್ಪಾಲು ಹೊದಿಸಿಟ್ಟು, ಮತ್ತೆ ನೀರು ಬಿಡುವಾಗ ಬೆಳಿಗ್ಗೆ ಬೇಗನೆ ಬಿಡುವುದು ಕ್ಷೇಮ.

ಎರಡು ದಿನದಲ್ಲಿ ಕಲೆಯ ಯಾವುದಾದರೂ ಅಂಚು ಹಿಂದೆ ಸರಿದರೆ ಆ ಭಾಗ ಬಿಸಿನೀರಿನದು. ಹಾಗಾದಾಗ ಟ್ಯಾಂಕೋ ಕೊಳವೆಯೋ ಎಂದು ಬೇರ್ಪಡಿಸಲು ತಣ್ಣೀರಿನ ವಾಲ್ವು ಮಾತ್ರ ತೆರೆದು ಹೊರಹೋಗುವ ವಾಲ್ವನ್ನು ಮುಚ್ಚಿಯೇ ಇಡಬೇಕು. ಸೋರಿಕೆ ಮರಳಿದರೆ ದೋಷ ತಾರಸಿಯ ಮೇಲಿನ ಯಂತ್ರದಲ್ಲಿದೆ, ಮರಳದಿದ್ದರೆ ಕೆಳಗಿಳಿಯುವ ಕೊಳವೆಯಲ್ಲಿದೆ.

ಯಂತ್ರದಲ್ಲಿ ನೋಡಬೇಕಾದ ಮೊದಲ ಜಾಗ ಗಾಜಿನ ಕೊಳವೆ ಟ್ಯಾಂಕಿಗೆ ಸೇರುವ ಕುತ್ತಿಗೆ. ಅಲ್ಲಿ ಸಿಲಿಕಾನ್ ರಬ್ಬರಿನ ಬಳೆಯೊಂದಿರುತ್ತದೆ. ಅದು ಗಡುಸಾಗಿ ಬಿರಿದಾಗ ನೀರು ಕೊಳವೆಯ ಹೊರಮೈಯಲ್ಲಿ ಜಾರಿ ಬುಡದ ಬಟ್ಟಲಿಗೆ ಬಂದು ಸ್ಟ್ಯಾಂಡಿನ ಕಾಲಿನ ಬಳಿ ಬೀಳುತ್ತದೆ. ಒಣ ದಿನಗಳಲ್ಲಿ ಆ ದಾರಿಯ ಉದ್ದಕ್ಕೂ ಬಿಳಿಯ ಅಥವಾ ಕಂದು ಬಣ್ಣದ ಕರೆ ಕಾಣುವುದರಿಂದ ಇದನ್ನು ಪತ್ತೆಮಾಡುವುದು ಸುಲಭ, ಮಳೆಗಾಲದಲ್ಲಿ ಎಲ್ಲವೂ ಒದ್ದೆಯಾಗಿರುವುದರಿಂದ ಬಹಳ ಕಷ್ಟ. ಮಳೆ ನಿಂತಾಗ ಪ್ರತಿ ಕುತ್ತಿಗೆಯನ್ನು ಒಣಬಟ್ಟೆಯಿಂದ ಒರೆಸಿ ಟಿಶ್ಯೂ ಕಾಗದದ ತುಂಡು ಸುತ್ತಿ ಅರ್ಧ ಗಂಟೆ ಬಿಟ್ಟು ನೋಡುವುದು ನಾನು ಕಂಡ ಅತ್ಯುತ್ತಮ ಉಪಾಯ. ಕೊಳವೆಯ ತುದಿಯ ಬೆಳ್ಳಿಯ ಬಣ್ಣ ಹಾಲಿನಂತೆ ಬೆಳ್ಳಗಾಗಿದ್ದರೆ ಅದರ ನಿರ್ವಾತ ಹೋಗಿದೆ ಎಂದು ತಿಳಿಯಬೇಕು. ಅದು ನೀರು ಕಾಯಿಸದು, ಆದರೆ ಅಷ್ಟರಿಂದಲೇ ಸೋರುತ್ತಿದೆ ಎಂದೇನಲ್ಲ.

ಒಳಟ್ಯಾಂಕೇ ತೂತಾಗಿದ್ದರೆ ನೀರು ನೇರವಾಗಿ ಹೊರಬರುವುದಿಲ್ಲ. ಒಳಟ್ಯಾಂಕಿಗೂ ಹೊರತಗಡಿಗೂ ನಡುವೆ ಶಾಖ ಹಿಡಿದಿಡುವ ಪಫ್ ಪದರ ಮೊದಲು ನೆನೆಯುತ್ತದೆ, ನಂತರ ಹೊರತಗಡಿನ ಅತ್ಯಂತ ತಗ್ಗಿನ ರಂಧ್ರದಿಂದ ನೀರು ಜಿನುಗುತ್ತದೆ. ಕಾಯಿಲನ್ನು ಒಂದು ಗಂಟೆ ಹಾಕಿ, ಆರಿಸಿದ ಮೇಲೆ ಹೊರತಗಡನ್ನು ಅಂಗೈಯಿಂದ ಸವರುತ್ತ ಹೋದರೆ ನೆನೆದ ಭಾಗ ಉಳಿದದ್ದಕ್ಕಿಂತ ಬೆಚ್ಚಗಿರುವುದು ತಿಳಿಯುತ್ತದೆ. ಹೀಗಾದ ಟ್ಯಾಂಕನ್ನು ದುರಸ್ತಿಗಿಂತ ಬದಲಾಯಿಸುವುದೇ ಸರಿ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲದ ನಮ್ಮ ಬಾವಿಗಳ ನೀರು ಹಲವೆಡೆ ಮೃದುವಾಗಿ ತುಸು ಆಮ್ಲೀಯವಾಗಿರುತ್ತದೆ. ಉಪ್ಪುಗಟ್ಟುವ ತೊಂದರೆ ಬಯಲುಸೀಮೆಯಷ್ಟಿಲ್ಲದಿದ್ದರೂ ಇಂಥ ನೀರು ಸತು ಲೇಪಿಸಿದ ಕಬ್ಬಿಣದ (ಜಿಐ) ಕೊಳವೆಯನ್ನೂ ಟ್ಯಾಂಕಿನೊಳಗಿನ ಮೆಗ್ನೀಸಿಯಂ ಆನೋಡ್ ಸರಳನ್ನೂ ತಿಂದುಹಾಕುತ್ತದೆ. ಆನೋಡ್ ಸವೆದು ಮುಗಿದ ಮೇಲೆ ನೀರು ಟ್ಯಾಂಕಿನ ಉಕ್ಕಿಗೆ ಬಾಯಿಹಾಕುವುದರಿಂದ ಅದನ್ನು ಕಾಲಕಾಲಕ್ಕೆ ತೆಗೆಸಿ ನೋಡುವುದು ಅಗತ್ಯ.

ಗಾಳಿಕೊಳವೆಯ ವಿಚಾರವನ್ನು ತುಸು ವಿಸ್ತರಿಸಿ ಹೇಳಬೇಕು, ಏಕೆಂದರೆ ತಾರಸಿ ಸೋರುತ್ತಿದೆ ಎಂದು ಕರೆದ ಮನೆಗಳಲ್ಲಿ ನಾನು ಹೆಚ್ಚು ಸಲ ಕಂಡ ದೋಷ ಇದೇ. ಒತ್ತಡವಿಲ್ಲದ ಸೋಲಾರ್ ಟ್ಯಾಂಕಿನ ನೆತ್ತಿಯಿಂದ ಏರುವ ಗಾಳಿಕೊಳವೆಯ ತುದಿ ತಣ್ಣೀರಿನ ಟ್ಯಾಂಕಿನ ಅತಿ ಎತ್ತರದ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ತಣ್ಣೀರಿನ ಟ್ಯಾಂಕಿನ ಫ್ಲೋಟ್ ವಾಲ್ವು ಕೆಟ್ಟು ನೀರು ಬಾಯಿತನಕ ತುಂಬಿದಾಗ, ಅಥವಾ ಹಳೆಯ ಟ್ಯಾಂಕಿನ ಬದಲಿಗೆ ಎತ್ತರದ ಹೊಸ ಟ್ಯಾಂಕು ಕೂರಿಸಿ ಗಾಳಿಕೊಳವೆಯನ್ನು ಮೊದಲಿದ್ದಷ್ಟೇ ಬಿಟ್ಟಾಗ, ನೀರು ತನ್ನ ಮಟ್ಟ ಹುಡುಕಿಕೊಂಡು ಗಾಳಿಕೊಳವೆಯಿಂದ ಹೊರಚೆಲ್ಲುತ್ತದೆ. ಕಾದ ನೀರು ಹಿಗ್ಗುವುದೂ ಇದಕ್ಕೆ ಸೇರುತ್ತದೆ. 25 ಡಿಗ್ರಿಯಿಂದ 65 ಡಿಗ್ರಿಗೆ ಏರುವಾಗ ನೀರಿನ ಗಾತ್ರ ಸುಮಾರು ಶೇಕಡಾ 1.7ರಷ್ಟು ಹೆಚ್ಚುತ್ತದೆ, ಅಂದರೆ 200 ಲೀಟರಿನ ಟ್ಯಾಂಕಿನಲ್ಲಿ ಮೂರು ಲೀಟರಿಗೂ ಮಿಕ್ಕಿ. ಆ ಮೂರು ಲೀಟರು ಪ್ರತಿದಿನ ತಾರಸಿಯ ಒಂದೇ ಬಿರುಕಿನ ಮೇಲೆ ಬಿದ್ದರೆ ಕೆಳಗಿನ ಕೋಣೆಗೆ ಕಲೆ ಮೂಡಿಸಲು ಧಾರಾಳ ಸಾಕು. ಪರೀಕ್ಷೆ ಸರಳ: ಗಾಳಿಕೊಳವೆಯ ತುದಿಗೆ ಖಾಲಿ ಬಾಟಲಿಯೊಂದನ್ನು ಸಡಿಲವಾಗಿ, ಗಾಳಿ ಆಡುವಂತೆ, ಮಳೆನೀರು ಸೇರದಂತೆ ಕಟ್ಟಿ, ಪಂಪು ಹಾಕಿದ ಮೇಲೂ ಕಾಯಿಲ್ ಹಾಕಿದ ಮೇಲೂ ನೋಡುವುದು. ಗಾಳಿಕೊಳವೆಯ ಬಾಯನ್ನು ಮುಚ್ಚಿಬಿಡುವುದು ಮಾತ್ರ ಎಂದಿಗೂ ಸಲ್ಲದು. ಹಾಗೆ ಮಾಡಿದರೆ ಒತ್ತಡ ತಾಳಲಾರದ ಟ್ಯಾಂಕು ಉಬ್ಬಿ ಬಿರಿಯಬಹುದು, ಅಥವಾ ನೀರು ಹರಿದು ಹೋಗುವಾಗ ಒಳಕ್ಕೆ ಕುಸಿಯಬಹುದು. ಒತ್ತಡದ ಪಂಪನ್ನು ಇಂಥ ಟ್ಯಾಂಕಿಗೆ ನೇರವಾಗಿ ಜೋಡಿಸುವುದೂ ಅಷ್ಟೇ ಅಪಾಯ.

ಕೆಳಗಿಳಿಯುವ ಕೊಳವೆಯ ದೋಷ ಬಹುಮಟ್ಟಿಗೆ ಹಿಗ್ಗುವಿಕೆಯದ್ದು. ಬಿಸಿನೀರು ತಾಳುವ ಸಿಪಿವಿಸಿ ಪ್ಲಾಸ್ಟಿಕ್ ಕೊಳವೆ 10 ಮೀಟರ್ ಉದ್ದವಿದ್ದು 40 ಡಿಗ್ರಿಯಷ್ಟು ಕಾದರೆ ಸುಮಾರು 25 ಮಿಲಿಮೀಟರ್ ಉದ್ದವಾಗುತ್ತದೆ; ಜಿಐ ಕೊಳವೆ 5 ಮಿಲಿಮೀಟರಿನಷ್ಟು. ದಿನವೂ ಹೀಗೆ ಹಿಗ್ಗಿ ಕುಗ್ಗುವ ಕೊಳವೆಯನ್ನು ಸ್ಲ್ಯಾಬಿನ ತೂತಿನಲ್ಲಿ ಸಿಮೆಂಟು ಮೆತ್ತಿ ಬಿಗಿದರೆ, ಒಂದೋ ಕೊಳವೆ ತಿರುಗುವಲ್ಲಿನ ಎಲ್ಬೋ ಜೋಡಣೆಯ ಸಂದು ಬಿಡುತ್ತದೆ, ಇಲ್ಲವೇ ಸಿಮೆಂಟು ಬಿಟ್ಟು ಸುತ್ತ ಕೂದಲೆಳೆಯಷ್ಟು ಸಂದು ತೆರೆದು ಮಳೆನೀರಿಗೆ ದಾರಿಯಾಗುತ್ತದೆ. ಬಿಸಿನೀರಿನ ಸಾಲಿಗೆ ಎಲ್ಲಾದರೂ ಒಂದಡಿ ಸಾಧಾರಣ ಪಿವಿಸಿ ಸೇರಿಸಿದ್ದರೆ ಅದು ಮೆತ್ತಗಾಗಿ ಬಾಗುವುದರಿಂದ ಆ ತುಂಡನ್ನೇ ಮೊದಲು ಅನುಮಾನಿಸಬೇಕು. ಇನ್ನು ಕೆಲವು ಜೋಡಣೆಗಳು ತಣ್ಣಗಿರುವಾಗ ಸೋರಿ ಬಿಸಿಯಾದಾಗ ನಿಲ್ಲುತ್ತವೆ, ಕೆಲವು ಅದಕ್ಕೆ ತಿರುಗುಮುರುಗು. ಆದ್ದರಿಂದ ಪ್ಲಂಬರನ್ನು ಕರೆಸಿ ಒತ್ತಡದ ಪರೀಕ್ಷೆ ಮಾಡಿಸುವಾಗ ಒಮ್ಮೆ ತಣ್ಣೀರಿನಲ್ಲಿ, ಒಮ್ಮೆ ಬಿಸಿನೀರು ಹರಿಸಿದ ತಕ್ಷಣ ಮಾಡಿಸಬೇಕೆಂದು ಕೇಳಿಕೊಳ್ಳಬೇಕು, ಮತ್ತು ಸೋಲಾರ್ ಟ್ಯಾಂಕನ್ನು ಆ ಸಾಲಿನಿಂದ ಕಡ್ಡಾಯವಾಗಿ ಬಿಡಿಸಿರಬೇಕು. ಟ್ಯಾಂಕಿನ ನೀರು ಇಳಿದು ಬರುವ ಮನೆಯಲ್ಲಿ ಪ್ರತಿ 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ ಮಾತ್ರ ಇರುವುದರಿಂದ ಪರೀಕ್ಷೆಯಲ್ಲಿ ಅತಿಯಾದ ಒತ್ತಡ ಹಾಕಿ ಹಳೆಯ ಸಾಲನ್ನು ಒಡೆಯಬೇಕಾಗಿಲ್ಲ.

ನಮ್ಮ ಮನೆಯಲ್ಲಿ ಪೂರ್ವದ ಅಂಚಿನ ನೀರಿನ ಮೂಲ ಇಂಥದ್ದೇ ಒಂದು ಎಲ್ಬೋ. ಸ್ಲ್ಯಾಬಿನ ಕೆಳಗೆ ನಾಲ್ಕು ಬೆರಳು ಅಂತರದಲ್ಲಿ, ಗೋಡೆಯ ಗಾರೆಯೊಳಗೆ, ಬಿಸಿನೀರು ಹರಿಯುವಾಗ ಮಾತ್ರ ಅದು ಜಿನುಗುತ್ತಿತ್ತು. ಮಳೆಗಾಲದಲ್ಲಿ ಕಲೆ ದೊಡ್ಡದಾಗಿ ಕಂಡದ್ದಕ್ಕೆ ಕಾರಣ ಗೋಡೆ ಒಣಗಲು ಅವಕಾಶವಿಲ್ಲದ್ದು. ಬೇಸಿಗೆಯಲ್ಲೂ ಅಷ್ಟೇ ನೀರು ಬರುತ್ತಿತ್ತು, ಆದರೆ ಬಿಸಿಲಿಗೆ ಆರಿಹೋಗುತ್ತಿತ್ತು.

ಗೀಸರ್ ಹನಿಸುವುದೆಲ್ಲ ದೋಷವಲ್ಲ

ಗೀಸರಿನ ತಳದ ಸೇಫ್ಟಿ ವಾಲ್ವಿನಿಂದ ನೀರು ಕಾಯುವಾಗ ಹನಿ ಬೀಳುವುದನ್ನು ಕಂಡು ಹಲವರು ಗಾಬರಿಯಾಗುತ್ತಾರೆ. ಒಳಬರುವ ದಾರಿಯಲ್ಲಿ ನಾನ್-ರಿಟರ್ನ್ ವಾಲ್ವು ಇದ್ದಾಗ ಹಿಗ್ಗಿದ ನೀರಿಗೆ ಹಿಂದಕ್ಕೆ ಹೋಗಲು ಆಗದು, 25 ಲೀಟರಿನ ಗೀಸರಿನಲ್ಲಿ ಕಾಲು ಲೀಟರಿನಿಂದ ಅರ್ಧ ಲೀಟರಿನ ತನಕ ನೀರು ಆ ವಾಲ್ವಿನಿಂದಲೇ ಹೊರಬರಬೇಕು. ಕಾದು ಮುಗಿದ ಮೇಲೆ ಹನಿ ನಿಂತರೆ ಅದು ಕೆಲಸ ಮಾಡುತ್ತಿರುವ ವಾಲ್ವು. ನಿಲ್ಲದಿದ್ದರೆ ವಾಲ್ವಿನ ಆಸನದಲ್ಲಿ ಕಸ ಸಿಕ್ಕಿದೆ ಅಥವಾ ಥರ್ಮೋಸ್ಟಾಟ್ ಕೆಟ್ಟು ನೀರು ಅತಿಯಾಗಿ ಕಾಯುತ್ತಿದೆ. ಆ ಹನಿಗೆ ಒಂದು ಸಣ್ಣ ಕೊಳವೆ ಹಾಕಿ ಬಚ್ಚಲಿನ ನೆಲಕ್ಕೆ ಇಳಿಸದೆ ಗೋಡೆಗೆ ಬೀಳಲು ಬಿಟ್ಟರೆ ಗೋಡೆಯ ಆಚೆಯ ಕೋಣೆಯಲ್ಲಿ ಬಣ್ಣ ಏಳುತ್ತದೆ, ಆ ಮನೆಯವರು ಅದನ್ನೂ ಮಳೆಯ ತಲೆಗೆ ಕಟ್ಟುತ್ತಾರೆ. ಇದರ ನಿವಾರಣೆಗೆ ಎರಡಡಿ ಕೊಳವೆ ಸಾಕು.

ತಾರಸಿ

ಬಿಸಿನೀರಿನ ಪಾಲನ್ನು ಬೇರೆಮಾಡಿದ ಮೇಲೆ ಉಳಿಯುವುದು ಮಳೆಯ ಪಾಲು. ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಸಾವಿರ ಮಿಲಿಮೀಟರಿನ ಆಸುಪಾಸು ಮಳೆಯಾಗುತ್ತದೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್, ಹಾಗಾಗಿ ಸಾವಿರ ಚದರ ಅಡಿಯ ತಾರಸಿಯ ಮೇಲೆ 100 ಮಿಲಿಮೀಟರ್ ಮಳೆಯಾದ ದಿನ ಒಂಬತ್ತು ಸಾವಿರ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಇಷ್ಟು ನೀರು ಹೊರಹೋಗುವುದು ಎರಡು ಅಥವಾ ಮೂರು ಕೊಳವೆಗಳಿಂದ, ಅವುಗಳ ಬಾಯಿಗೆ ಹಲಸಿನ ಎಲೆ ಮಾವಿನ ಎಲೆ ಬಂದು ಕೂರುತ್ತದೆ. ಆದ್ದರಿಂದ ತಾರಸಿಯ ಪರೀಕ್ಷೆ ಎಂದರೆ ಮೊದಲು ಮಳೆ ನಿಂತ ಒಂದು ಗಂಟೆಯ ಮೇಲೆ ಹತ್ತಿ, ನೀರು ಎಲ್ಲಿ ನಿಂತಿದೆಯೋ ಅಲ್ಲಿ ಇದ್ದಿಲಿನಿಂದ ಸುತ್ತು ಹಾಕಿ ಬರುವುದು. ಕೆಳಗಿನ ಕಲೆಯ ಜಾಗವನ್ನು ಗೋಡೆಯಿಂದ ಅಳೆದು ಮೇಲೆ ಗುರುತಿಸಿಕೊಂಡರೆ ಎರಡು ಗುರುತುಗಳ ನಡುವಿನ ಅಂತರ ಕಣ್ಣಿಗೆ ಕಾಣುತ್ತದೆ.

ಮನೆಯಲ್ಲಿ ಸೋಲಾರ್ ಇದ್ದರೆ ಅದರ ಸ್ಟ್ಯಾಂಡಿನ ಕಾಲುಗಳನ್ನು ನೋಡದೆ ಇಳಿಯಬಾರದು. ಗಾಳಿಗೆ ಬೀಳದಿರಲೆಂದು ಕೆಲವರು ಸ್ಲ್ಯಾಬಿಗೇ ತೂತು ಕೊರೆದು ಬೋಲ್ಟು ಹಾಕಿರುತ್ತಾರೆ. ಸಮುದ್ರದ ಉಪ್ಪುಗಾಳಿಗೆ ಆ ಬೋಲ್ಟು ತುಕ್ಕು ಹಿಡಿಯುತ್ತದೆ, ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಸುತ್ತಲಿನ ಕಾಂಕ್ರೀಟು ಬಿರಿಯುತ್ತದೆ, ನೀರು ಬೋಲ್ಟಿನ ಗುಂಟ ನೇರ ಸ್ಲ್ಯಾಬಿನ ಹೊಟ್ಟೆಗೆ ಇಳಿಯುತ್ತದೆ. ಮೇಲೆ ಎಷ್ಟು ಪದರ ಬಣ್ಣ ಬಳಿದರೂ ಈ ತೂತು ಮುಚ್ಚದು. ನಮ್ಮ ಕಲೆಯ ಪಶ್ಚಿಮದ ಅಂಚಿಗೆ ಕಾರಣ ಇಂಥ ನಾಲ್ಕು ಬೋಲ್ಟುಗಳಲ್ಲಿ ಒಂದು. ಎರಡು ಸಲವೂ ಬಣ್ಣ ಬಳಿದವರು ಸ್ಟ್ಯಾಂಡನ್ನು ಎತ್ತದೆ ಅದರ ಕಾಲಿನ ಸುತ್ತ ಮಾತ್ರ ಬಳಿದು ಹೋಗಿದ್ದರು. ಕೊನೆಗೆ ಸ್ಟ್ಯಾಂಡು ಎತ್ತಿಸಿ, ತೂತುಗಳನ್ನು ಕೊರೆದು ಶುದ್ಧಮಾಡಿ ಕುಗ್ಗದ ಗ್ರೌಟು ತುಂಬಿಸಿ, ತಾರಸಿಯ ಮೇಲೆ ಕಟ್ಟಿದ ಭಾರದ ಕಾಂಕ್ರೀಟ್ ದಿಮ್ಮಿಗಳಿಗೆ ಕಾಲುಗಳನ್ನು ಬಿಗಿಸಿದೆವು.

ಪ್ಯಾರಪೆಟ್ ಮತ್ತು ಸ್ಲ್ಯಾಬು ಕೂಡುವ ಮೂಲೆ, ಪ್ಯಾರಪೆಟಿನ ನೆತ್ತಿ, ಮಳೆನೀರಿನ ಕೊಳವೆಯ ಕುತ್ತಿಗೆ, ಈ ಮೂರು ನಂತರದ ಜಾಗಗಳು. ಮುಂಗಾರಿನ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುವುದರಿಂದ ಆ ಕಡೆಯ ಪ್ಯಾರಪೆಟ್ ಇಡೀ ದಿನ ನೆನೆಯುತ್ತದೆ. ಮುರಕಲ್ಲಿನ ಗೋಡೆಯಾದರೆ ಕಲ್ಲಿನ ರಂಧ್ರಗಳೇ ನೀರನ್ನು ಹೀರಿ ಕೆಳಗಿಳಿಸುತ್ತವೆ. ಗಾರೆಯನ್ನು ನಾಣ್ಯದಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅಲ್ಲಿ ಗಾರೆ ಕಲ್ಲನ್ನು ಬಿಟ್ಟಿದೆ ಎಂದು ಗುರುತು ಹಾಕಬೇಕು.

ಬಿಸಿಲಿನ ದಿನಗಳಲ್ಲಿ ಅನುಮಾನ ತೀರಿಸಿಕೊಳ್ಳಲು ನೀರು ಕಟ್ಟಿ ನಿಲ್ಲಿಸುವ ಪರೀಕ್ಷೆ ಇದೆ. ಹೊರಹರಿವಿನ ಬಾಯಿಗಳನ್ನು ಮುಚ್ಚಿ, ತಾರಸಿಯನ್ನು ಮಣ್ಣಿನ ಬದುವಿನಿಂದ ಭಾಗಗಳಾಗಿ ವಿಂಗಡಿಸಿ, ಒಂದು ಸಲಕ್ಕೆ ಒಂದೇ ಭಾಗದಲ್ಲಿ 25 ಮಿಲಿಮೀಟರ್ ನೀರು 24ರಿಂದ 48 ಗಂಟೆ ನಿಲ್ಲಿಸಬೇಕು. ಪಕ್ಕದಲ್ಲೇ ಅಗಲ ಬಾಯಿಯ ಬೋಗುಣಿಯಲ್ಲಿ ಅಷ್ಟೇ ಆಳದ ನೀರಿಟ್ಟರೆ ಬಿಸಿಲಿಗೆ ಆರಿದ್ದೆಷ್ಟು, ಸ್ಲ್ಯಾಬು ಕುಡಿದದ್ದೆಷ್ಟು ಎಂಬುದು ಎರಡರ ವ್ಯತ್ಯಾಸದಿಂದ ತಿಳಿಯುತ್ತದೆ. ಸ್ಲ್ಯಾಬಿನ ಅಡಿಯಲ್ಲಿ ಕಬ್ಬಿಣ ಕಾಣುವಷ್ಟು ಕಾಂಕ್ರೀಟು ಉದುರಿದ್ದರೆ ಈ ಪರೀಕ್ಷೆ ಕೂಡದು. ಚದರ ಮೀಟರಿಗೆ 25 ಕಿಲೋ ಹೆಚ್ಚಿನ ಭಾರ ಹೊರಿಸುವ ಮೊದಲು ಎಂಜಿನಿಯರ್ ಒಬ್ಬರು ಆ ಸ್ಲ್ಯಾಬನ್ನು ನೋಡಬೇಕು.

ತಾರಸಿಯ ಮೇಲೆ ಕಬ್ಬಿಣದ ಟ್ರಸ್ಸು ನಿಲ್ಲಿಸಿ ಶೀಟು ಹೊದಿಸುವುದು ಈಗ ನಮ್ಮೂರುಗಳಲ್ಲಿ ಮನೆಮನೆಯ ಪರಿಹಾರವಾಗಿದೆ. ಒಳ್ಳೆಯದೇ, ಆದರೆ ಅದು ಮಳೆಯ ಪಾಲನ್ನು ಮಾತ್ರ ತಡೆಯುತ್ತದೆ. ಶೀಟು ಹಾಕಿದ ಮೇಲೂ ಕಲೆ ಉಳಿದರೆ ಕೊಳವೆಗಳನ್ನು ನೋಡಬೇಕು. ಶೀಟಿನ ಸ್ಕ್ರೂಗಳ ರಬ್ಬರ್ ವಾಷರು ಬಿಸಿಲಿಗೆ ಬಿರಿದಿದೆಯೇ ಎಂದೂ, ತೆರೆದ ಪಶ್ಚಿಮದ ಕಡೆಯಿಂದ ಎರಚಲು ಬಂದು ತಾರಸಿಯಲ್ಲಿ ನಿಲ್ಲುತ್ತಿದೆಯೇ ಎಂದೂ ಪರೀಕ್ಷಿಸಬೇಕು.

ಹಂಚಿನ ಮಾಡು

19ನೇ ಶತಮಾನದಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಆ ಊರಿನ ಹೆಸರನ್ನೇ ಹೊತ್ತಿರುವ ಹಂಚು, ಸರಿಯಾಗಿ ಕೂತಿದ್ದರೆ ಇಲ್ಲಿನ ಮಳೆಯನ್ನು ತಡೆಯಲು ಪೂರ್ತಿ ಸಮರ್ಥ. ಅದು ಸೋರುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ: ಮಂಗಗಳ ಓಡಾಟಕ್ಕೋ ಬಿದ್ದ ತೆಂಗಿನಕಾಯಿಗೋ ಹಂಚು ಸರಿದು ಅಥವಾ ಒಡೆದು, ಒಂದಕ್ಕೊಂದು ಸಿಕ್ಕಿಕೊಳ್ಳುವ ಗೀರುಗಳಲ್ಲಿ ಧೂಳು ಮತ್ತು ಪಾಚಿ ತುಂಬಿ ನೀರು ಅಡ್ಡಕ್ಕೆ ಉಕ್ಕಿ, ಎರಡು ಮಾಡು ಕೂಡುವಲ್ಲಿ ನೀರು ಹರಿದುಹೋಗುವ ತಗಡಿನ ದಂಬೆ ತೂತಾಗಿ ಅಥವಾ ಎಲೆ ಕಟ್ಟಿ. ಹಗಲು ಹೊತ್ತಿನಲ್ಲಿ ಅಟ್ಟ ಹತ್ತಿ ದೀಪ ಆರಿಸಿ ನೋಡಿದರೆ ಬೆಳಕು ತೂರುವ ಜಾಗಗಳು ಕಾಣುತ್ತವೆ. ಮಳೆ ಬರುವಾಗ ಟಾರ್ಚು ಹಿಡಿದು, ಹಂಚು ಕೂರುವ ರೀಪು ಮತ್ತು ಪಕ್ಕಾಸಿನ ಮೇಲಿನ ಒದ್ದೆಯ ಜಾಡನ್ನು ಮೇಲ್ಮುಖವಾಗಿ ಹಿಂಬಾಲಿಸಬೇಕು, ನೀರು ಒಳಹೊಕ್ಕ ಜಾಗ ಹನಿ ಬೀಳುವ ಜಾಗಕ್ಕಿಂತ ಸದಾ ಮೇಲಕ್ಕೇ ಇರುತ್ತದೆ. ಹೊಸ ಹಂಚಿನ ಒಳಮೈ ತೇವಗೊಂಡು ಹನಿಯಾಗದೆ ಇದ್ದರೆ ಚಿಂತೆ ಬೇಡ. ಹಂಚಿನ ಮಾಡು ತಾರಸಿಯ ಗೋಡೆಗೆ ತಾಗುವ ಸಂದು ಮಾತ್ರ ನಮ್ಮಂಥ ಅರ್ಧ ಹಳೆಯ, ಅರ್ಧ ಹೊಸ ಮನೆಗಳಲ್ಲಿ ಪ್ರತಿ ವರ್ಷವೂ ನೋಡಿಕೊಳ್ಳಬೇಕಾದ ಜಾಗ. ಅಲ್ಲಿ ಸಿಮೆಂಟು ಮೆತ್ತುವುದಕ್ಕಿಂತ ಗೋಡೆಗೆ ಗೀರು ಕೊರೆದು ತಗಡು ಸೇರಿಸಿ ಹಂಚಿನ ಮೇಲೆ ಇಳಿಬಿಡುವುದು ಬಾಳಿಕೆ ಬರುತ್ತದೆ.

ದುರಸ್ತಿ ಮತ್ತು ಆಮೇಲಿನ ಗೆರೆಗಳು

ಒಂದು ಸಲಕ್ಕೆ ಒಂದೇ ದುರಸ್ತಿ ಮಾಡಿಸಬೇಕು, ಅದರ ಪರಿಣಾಮವನ್ನು ಒಂದು ವಾರ ನೋಡಿದ ನಂತರ ಎರಡನೆಯದಕ್ಕೆ ಹೋಗಬೇಕು. ಎಲ್ಲವನ್ನೂ ಒಟ್ಟಿಗೆ ಮಾಡಿಸಿದರೆ ಯಾವುದರಿಂದ ನಿಂತಿತು ಎಂಬುದೂ, ಮತ್ತೆ ಬಂದಾಗ ಯಾವುದು ಕೈಕೊಟ್ಟಿತು ಎಂಬುದೂ ತಿಳಿಯುವುದಿಲ್ಲ. ಸೀಲಿಂಗಿಗೆ ಕೆಳಗಿನಿಂದ ವಾಟರ್‌ಪ್ರೂಫ್ ಬಳಿಯುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಅದು ಕಲೆಯನ್ನು ಮರೆಮಾಡಿ ನೀರನ್ನು ಸ್ಲ್ಯಾಬಿನೊಳಗೇ ಹಿಡಿದಿಡುತ್ತದೆ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಕೆಲವು ವರ್ಷಗಳ ನಂತರ ಕಾಂಕ್ರೀಟು ಹಾಳೆಹಾಳೆಯಾಗಿ ಉದುರುತ್ತದೆ. ತಾರಸಿಯ ಕೆಲಸಕ್ಕೆ ಒಣ ಮೇಲ್ಮೈ ಬೇಕಾದ್ದರಿಂದ ಡಿಸೆಂಬರಿನಿಂದ ಪತ್ತನಾಜೆಯವರೆಗಿನ (ಮೇ ಕೊನೆಯ ವಾರದವರೆಗಿನ) ಅವಧಿಯೇ ಸೂಕ್ತ. ಮಳೆಯ ನಡುವೆ ಟಾರ್ಪಾಲು ಹೊದಿಸುವುದು, ಎಲೆ ತೆಗೆಯುವುದು, ವಾಲ್ವು ಮುಚ್ಚುವುದು ಇಷ್ಟಕ್ಕೇ ನಿಲ್ಲಬೇಕು. ಕೊಳವೆಯ ದುರಸ್ತಿಗೆ ಇಂಥ ಕಾಲನಿಯಮವಿಲ್ಲ, ಅದನ್ನು ಕಂಡ ದಿನವೇ ಮಾಡಿಸಬಹುದು.

ದುರಸ್ತಿಯಾದ ಮೇಲೂ ನೆನೆದ ಸ್ಲ್ಯಾಬು ಹಲವು ವಾರ ತೇವ ಬಿಡುತ್ತಲೇ ಇರುತ್ತದೆ, ಅದನ್ನು ಕಂಡು ಕೆಲಸ ಕೆಟ್ಟಿತೆಂದು ತಿಳಿಯಬಾರದು. ಕಲೆಯ ಹಳೆಯ ಗೆರೆಗಳನ್ನು ಅಳಿಸದೆ ಉಳಿಸಿಕೊಂಡು, ತೇವ ಅವನ್ನು ದಾಟುತ್ತದೆಯೇ ಎಂದಷ್ಟೇ ನೋಡಬೇಕು. ನಮ್ಮಲ್ಲಿ ಎಲ್ಬೋ ಬದಲಾಯಿಸಿದ್ದು ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್), ಬೋಲ್ಟಿನ ತೂತು ತುಂಬಿಸಿದ್ದು ಡಿಸೆಂಬರಿನಲ್ಲಿ. ಮರುವರ್ಷದ ಮಳೆಗಾಲವಿಡೀ ಸೀಲಿಂಗಿಗೆ ಬಣ್ಣ ಹಚ್ಚದೆ ಗೆರೆಗಳನ್ನು ಹಾಗೆಯೇ ಬಿಟ್ಟೆವು. ಸೆಪ್ಟೆಂಬರಿನ ಕೊನೆಗೂ ಯಾವ ಗೆರೆಯನ್ನೂ ತೇವ ದಾಟದಿರಲು, ಜನವರಿಯಲ್ಲಿ ಬಣ್ಣದವರನ್ನು ಕರೆಸಿದೆವು.